ಸಂಪಾದಕರ ಉತ್ತರ: ದಾದಿಯರ ತುರ್ತು ಸಿದ್ಧತೆಯ ಅಳತೆ

ಮಾನ್ಯರೇ,

ತುರ್ತು ಪರಿಸ್ಥಿತಿಗೆ ದಾದಿಯರು ಎಷ್ಟು ಸಿದ್ಧರಿದ್ದಾರೆ ಎಂದು ಪ್ರಶ್ನಾವಳಿಯಿಂದ ಅಳೆದು, ಬಂದ ಅಂಕದ ಮೇಲೆ ಅವರ ಸಾಮರ್ಥ್ಯವನ್ನು ತೀರ್ಮಾನಿಸುವುದು ಸರಿಯೇ ಎಂದು ಕೇಳಿದ್ದೀರಿ. ಅಳೆಯಲೇಬೇಕು, ಆದರೆ ಆ ಅಂಕವೇ ಸಾಮರ್ಥ್ಯವೆಂದು ತಿಳಿಯಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಇಪಿಐಕ್ಯೂ (ತುರ್ತು ಸಿದ್ಧತೆಯ ಮಾಹಿತಿ ಪ್ರಶ್ನಾವಳಿ) ಎಂಬುದು 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗಾಯಾಳುಗಳ ವಿಂಗಡಣೆ, ಸೋಂಕಿತರ ಪ್ರತ್ಯೇಕವಾಸ, ಮಾಹಿತಿ ರವಾನೆ ಮೊದಲಾದ ವಿಷಯಗಳು ತಮಗೆ ಎಷ್ಟು ಪರಿಚಿತವೆಂದು ದಾದಿಯರೇ ಅದರಲ್ಲಿ ಗುರುತು ಹಾಕುತ್ತಾರೆ. ಅವರಿಗೆ ಯಾವ ತರಬೇತಿ ಬೇಕೆಂದು ತಿಳಿಯುವುದು ಅದರ ಮೂಲ ಉದ್ದೇಶವಾಗಿತ್ತು. ಅದನ್ನೇ ಪರೀಕ್ಷೆಯ ಅಂಕಪಟ್ಟಿಯಾಗಿಸಿದರೆ ಪ್ರಾಮಾಣಿಕವಾಗಿ ‘ಗೊತ್ತಿಲ್ಲ’ ಎಂದು ಬರೆದವರಿಗೇ ಅನ್ಯಾಯವಾಗುತ್ತದೆ. ಮೇಲಾಗಿ, ದೊಡ್ಡ ಅವಘಡವನ್ನು ಎಂದೂ ಕಾಣದವರು ತಮ್ಮ ಬಗ್ಗೆ ಹೆಚ್ಚು ಭರವಸೆ ಇಟ್ಟುಕೊಂಡಿರಬಹುದು. ಕಂಡವರು, ಏನೇನು ಕೈತಪ್ಪಬಲ್ಲದೆಂದು ಬಲ್ಲವರಾದ್ದರಿಂದ, ತಮಗೆ ಕಡಿಮೆ ಅಂಕ ಕೊಟ್ಟುಕೊಳ್ಳಬಹುದು. ಪ್ರಶ್ನೆಗಳ ಉತ್ತರಗಳು ಪರಸ್ಪರ ಹೊಂದುತ್ತವೆ ಎಂದು ತೋರಿಸುವ ಆಲ್ಫಾ ಮೌಲ್ಯ, ಸಾಮಾನ್ಯವಾಗಿ ಸಾಕೆಂದು ಒಪ್ಪುವ 0.70ಕ್ಕಿಂತ ಮೇಲಿದ್ದರೂ ಈ ತೊಡಕು ನಿವಾರಣೆಯಾಗುವುದಿಲ್ಲ.

ಆದ್ದರಿಂದ ಕೈಕೆಲಸವನ್ನು ಕಣ್ಣಾರೆ ನೋಡಬೇಕು. ‘ಸ್ಟಾರ್ಟ್’ ವಿಂಗಡಣಾ ಕ್ರಮದಲ್ಲಿ ಒಬ್ಬ ಗಾಯಾಳುವಿಗೆ ಸಿಗುವುದು ಒಂದು ನಿಮಿಷಕ್ಕೂ ಕಡಿಮೆ ಸಮಯ. ಉಸಿರಾಟ ನಿಮಿಷಕ್ಕೆ 30ನ್ನು ಮೀರಿದೆಯೇ, ಸರಳ ಸೂಚನೆಯನ್ನು ಪಾಲಿಸುತ್ತಾರೆಯೇ ಎಂದು ನೋಡಿ ತಕ್ಷಣ ಚಿಕಿತ್ಸೆ ಬೇಕೆಂದು ಸೂಚಿಸುವ ಕೆಂಪು ಪಟ್ಟಿ ಕಟ್ಟಬೇಕೋ ಬೇಡವೋ ಎಂದು ಅಷ್ಟರಲ್ಲೇ ನಿರ್ಧರಿಸಬೇಕು. ಹೃದಯ ನಿಂತವರಿಗೆ ಸಿಪಿಆರ್ (ಎದೆಯೊತ್ತಿ ಜೀವ ಉಳಿಸುವ ಕ್ರಮ) ಮಾಡುವಾಗ ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿದ್ದಾರೆಯೇ ಎಂಬುದನ್ನು ಅಭ್ಯಾಸದ ಬೊಂಬೆಯೇ ತೋರಿಸುತ್ತದೆ. ಈ ಕೌಶಲ ಕೆಲವೇ ತಿಂಗಳುಗಳಲ್ಲಿ ಮಸುಕಾಗುವುದರಿಂದ, ಕಳೆದ ವರ್ಷದ ಪ್ರಮಾಣಪತ್ರವು ಇಂದಿನ ಸಿದ್ಧತೆಗೆ ಸಾಕ್ಷಿಯಾಗದು.

ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದೂ ಸಲ್ಲದು. ಅಂತರರಾಷ್ಟ್ರೀಯ ದಾದಿಯರ ಮಂಡಳಿಯು 2019ರಲ್ಲಿ ಪರಿಷ್ಕರಿಸಿದ ವಿಪತ್ತು ಶುಶ್ರೂಷೆಯ ಚೌಕಟ್ಟಿನಲ್ಲಿ, ಸಾಮಾನ್ಯ ದಾದಿಯಿಂದ ಮೊದಲ್ಗೊಂಡು ಮೂರು ಹಂತಗಳಿವೆ; ಒಂದೊಂದು ಹಂತದಿಂದಲೂ ನಿರೀಕ್ಷಿಸುವ ಸಾಮರ್ಥ್ಯ ಬೇರೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ. ಎಷ್ಟೇ ನುರಿತ ದಾದಿಯಾದರೂ ಔಷಧದ ಕಪಾಟಿನ ಕೀಲಿ ಯಾರ ಬಳಿಯಿದೆ, ರಾತ್ರಿ ಪಾಳಿಯಲ್ಲಿ ಹೆಚ್ಚುವರಿ ಸಿಬ್ಬಂದಿಯನ್ನು ಯಾರು ಕರೆಸಬೇಕು ಎಂಬುದನ್ನು ಆಸ್ಪತ್ರೆಯೇ ಗೊತ್ತುಮಾಡಿರದಿದ್ದರೆ ಅಸಹಾಯಕಳಾಗುತ್ತಾಳೆ. ಆ ಕೊರತೆಯನ್ನು ಅವಳ ಅಂಕದಲ್ಲಿ ಕಳೆಯುವುದು ನ್ಯಾಯವಲ್ಲ. ಪ್ರಶ್ನಾವಳಿಯನ್ನು ಹೆಸರಿಲ್ಲದೆ ತುಂಬಿಸಿ, ದುರ್ಬಲವೆಂದು ಕಂಡ ವಿಷಯಗಳಲ್ಲಿ ತರಬೇತಿ ಕೊಟ್ಟು, ಕೆಲವು ತಿಂಗಳ ಬಳಿಕ ಮುನ್ಸೂಚನೆಯಿಲ್ಲದ ಅಣಕು ಕಾರ್ಯಾಚರಣೆಯಲ್ಲಿ ದಾದಿಯರ ಜೊತೆಗೆ ಆಸ್ಪತ್ರೆಯ ವ್ಯವಸ್ಥೆಯನ್ನೂ ಪರೀಕ್ಷಿಸುವಂತೆ ನಿಮ್ಮ ಆಡಳಿತ ಮಂಡಳಿಯನ್ನು ಕೇಳಿರಿ.

— ಸಂಪಾದಕ