ವಾರಕ್ಕೊಂದು ದಿನ ತಾನೇ?

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ ಓದುತ್ತಿದ್ದಾಳೆ. ಹತ್ತಿ ಬಿಡಿಸುವ ದಿನಗಳಲ್ಲಿ ನಾವಿಬ್ಬರೂ ಹೊಲಕ್ಕೆ ಹೋಗಬೇಕಾಗುವುದರಿಂದ, ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳಲು ಅವಳನ್ನು ವಾರಕ್ಕೊಂದು ದಿನ ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ. ಉಳಿದ ತಿಂಗಳುಗಳಲ್ಲಿಯೂ ಜಾತ್ರೆ, ಮದುವೆ ಎಂದು ಹೆಚ್ಚುಕಡಿಮೆ ಅಷ್ಟೇ ದಿನ ತಪ್ಪುತ್ತವೆ. ಹುಡುಗಿ ಚುರುಕಾಗಿದ್ದಾಳೆ, ಎಂಟನೆಯ ತನಕ ಯಾರನ್ನೂ ಫೇಲ್ ಮಾಡುವುದಿಲ್ಲವೆಂದೂ ಕೇಳಿದ್ದೇನೆ. ಆದರೂ ಟೀಚರು ಮೇಲಿಂದ ಮೇಲೆ ಕರೆಸಿ ಹೇಳುತ್ತಾರೆ. ಇದು ಅಷ್ಟು ದೊಡ್ಡ ನಷ್ಟವೇ?
– ಒಬ್ಬ ತಾಯಿ, ರಾಯಚೂರು ಜಿಲ್ಲೆ

ಉತ್ತರ: ತಾಯಿ, ಮೊದಲು ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ತಿಂಗಳಿಗೆ ನಾಲ್ಕು ದಿನ ತಪ್ಪಿದರೆ ಹತ್ತು ತಿಂಗಳಿಗೆ 40 ದಿನ, ಅಂದರೆ ಐದರಲ್ಲಿ ಒಂದು ಪಾಲು. ಒಂದನೆಯ ತರಗತಿಯಿಂದಲೂ ಹೀಗೆಯೇ ನಡೆದಿದ್ದರೆ, ಐದನೆಯದು ಮುಗಿಯುವ ಹೊತ್ತಿಗೆ ನಿಮ್ಮ ಮಗಳು ಕಲಿತಿರುವುದು ನಾಲ್ಕೇ ವರ್ಷ. ಇದೇ ಮಗು ಒಂದು ವರ್ಷ ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದರೆ ಊರೆಲ್ಲ ಕೇಳುತ್ತಿತ್ತು. ಬಿಡಿಬಿಡಿಯಾಗಿ ಹೋದ ದಿನಗಳಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ, ಹಾಜರಿ ಪುಸ್ತಕ ಹಿಡಿದ ಟೀಚರನ್ನು ಬಿಟ್ಟು.

‘ಹುಡುಗಿ ಚುರುಕಾಗಿದ್ದಾಳೆ’ ಎಂಬ ನಿಮ್ಮ ಮಾತನ್ನು ನಾನು ನಂಬುತ್ತೇನೆ. ಇಷ್ಟು ದಿನ ತೊಂದರೆ ಕಾಣದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳು ನಲಿ–ಕಲಿ ಪದ್ಧತಿಯಲ್ಲಿ ನಡೆಯುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಾರ್ಡುಗಳನ್ನು ಹಿಡಿದು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುವುದರಿಂದ, ಎರಡು ದಿನ ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕನೆಯ ತರಗತಿಗೆ ಬಂದೊಡನೆ ಈ ಅನುಕೂಲ ಮುಗಿಯುತ್ತದೆ. ಅಲ್ಲಿಂದ ಮುಂದೆ ಇಡೀ ತರಗತಿಗೆ ಒಂದೇ ಪಾಠ, ಮತ್ತು ಅದು ಯಾರಿಗಾಗಿಯೂ ಕಾಯುವುದಿಲ್ಲ. ಸೋಮವಾರ ಟೀಚರು ಒಂದು ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಭಿನ್ನರಾಶಿ ಎಂದರೇನೆಂದು ತೋರಿಸಿದ್ದರೆ, ಮಂಗಳವಾರ ಬಂದ ಮಗುವಿಗೆ ಹಲಗೆಯ ಮೇಲೆ ಕಾಣುವುದು ಗೆರೆಯ ಮೇಲೊಂದು ಅಂಕಿ, ಕೆಳಗೊಂದು ಅಂಕಿ ಅಷ್ಟೇ. ಅದು ನೋಟ್ಸ್ ಬರೆದುಕೊಳ್ಳುತ್ತದೆ, ಉತ್ತರವನ್ನೂ ಬಾಯಿಪಾಠ ಮಾಡುತ್ತದೆ. ಆದರೆ ಛೇದ ಬೇರೆ ಬೇರೆಯಾಗಿರುವ ಲೆಕ್ಕ ಬಂದಾಗ ಕೈಚೆಲ್ಲಿ, ‘ನನಗೆ ಗಣಿತ ಬರುವುದಿಲ್ಲ’ ಎಂದು ತಾನೇ ತೀರ್ಮಾನಿಸಿಬಿಡುತ್ತದೆ. ಚುರುಕಾದ ಮಕ್ಕಳು ಹೀಗೆ ಹಿಂದೆ ಬೀಳುವುದು ನೋಡಲು ಹೆಚ್ಚು ಸಂಕಟವಾಗುತ್ತದೆ, ಏಕೆಂದರೆ ಬರದಿದ್ದುದನ್ನು ಮುಚ್ಚಿಡುವ ಜಾಣತನವೂ ಅವರಲ್ಲಿರುತ್ತದೆ.

ಫೇಲ್ ಮಾಡುವುದಿಲ್ಲ ಎಂಬ ಮಾತು ಅರ್ಧ ನಿಜ. 2010ರಲ್ಲಿ ಕಾಯ್ದೆ ಜಾರಿಗೆ ಬಂದಾಗ ನೀವು ಹೇಳಿದಂತೆಯೇ ಇತ್ತು. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಬಗ್ಗೆ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿದೆ. ಅದೇನೇ ಇರಲಿ, ತರಗತಿ ದಾಟಿಸುವುದು ಬೇರೆ, ಕಲಿಯುವುದು ಬೇರೆ.

ಇನ್ನು ನಿಮ್ಮ ಪತ್ರದ ನಿಜವಾದ ತೊಡಕಿಗೆ ಬರೋಣ. ಅದು ಶಾಲೆಯದಲ್ಲ, ಎರಡು ವರ್ಷದ ಕೂಸಿನದು. ಟೀಚರ ಮಾತನ್ನು ನೀವು ಅಲಕ್ಷ್ಯ ಮಾಡುತ್ತಿದ್ದೀರಿ ಎಂದು ನಾನು ಹೇಳಲಾರೆ. ಸುಗ್ಗಿಯಲ್ಲಿ ಒಂದು ದಿನದ ಕೂಲಿ ಏನೆಂಬುದು ತಿಳಿಯದೆ ಉಪದೇಶ ಮಾಡುವುದು ಸುಲಭ. ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ತಾಯಂದಿರ ಎಳೆಯ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯಲಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ನಾಲ್ಕು ಮಂದಿ ತಾಯಂದಿರು ಸೇರಿ ಗ್ರಾಮಸಭೆಯಲ್ಲಿ ಕೇಳಿ. ಅದು ಬರುವ ತನಕ ಓಣಿಯ ಎರಡು ಮೂರು ಮನೆಯವರು ಸರದಿಯಂತೆ ಒಬ್ಬೊಬ್ಬರು ಕೂಸುಗಳನ್ನು ನೋಡಿಕೊಳ್ಳಬಹುದು. ಮೂರು ತುಂಬಿದ ಮೇಲೆ ಅಂಗನವಾಡಿ ಇದ್ದೇ ಇದೆ. ಹುಡುಗಿ ಹೊಲದಲ್ಲಿ ನಿಮ್ಮ ಕೈಗೆ ಆಸರೆಯಾಗಲೇಬಾರದು ಎಂದೂ ಅಲ್ಲ: 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಕೂಡ ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಕ್ಕಳು ಅಪಾಯವಿಲ್ಲದ ಮನೆಗೆಲಸದಲ್ಲಿ, ಮನೆಯವರದೇ ಹೊಲದಲ್ಲಿ ನೆರವಾಗುವುದನ್ನು ತಡೆಯುವುದಿಲ್ಲ.

ಜಾತ್ರೆಯ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ ನಿಲ್ಲಲಾರೆ. ತೇರು ಎಳೆಯುವ ದಿನ ಮಗು ಊರಲ್ಲಿರಲಿ; ಅದರ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಏಕೆ ಬೇಕು?

ಈಗಾಗಲೇ ತಪ್ಪಿಹೋದದ್ದಕ್ಕೆ ಟೀಚರನ್ನು ಒಮ್ಮೆ ನೀವಾಗಿಯೇ ಹೋಗಿ ಕಾಣಿ. ‘ಇವಳಿಗೆ ಯಾವ ಪಾಠಗಳು ಬಿಟ್ಟುಹೋಗಿವೆ, ಗುರುತು ಹಾಕಿಕೊಡಿ’ ಎಂದು ಕೇಳಿ. ಕರೆಸದೆಯೇ ಬಂದ ಪೋಷಕರಿಗೆ ಇಲ್ಲವೆನ್ನುವ ಟೀಚರನ್ನು ನನ್ನ ಮಾಸ್ತರಿಕೆಯ ದಿನಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಪ್ರಶ್ನೆ: ನಮ್ಮ ಮಗ 7ನೇ ತರಗತಿ. ಒಂದು ದಿನವೂ ತಪ್ಪಿಸದವರಿಗೆ ಶಾಲೆಯಲ್ಲಿ ಬಹುಮಾನವಿದೆ ಎಂದು ಜ್ವರದಲ್ಲಿಯೂ ಹೊರಟು ನಿಲ್ಲುತ್ತಾನೆ. ತಡೆದರೆ ಅಳುತ್ತಾನೆ. ಏನು ಮಾಡುವುದು?
– ಒಬ್ಬ ತಂದೆ, ತುಮಕೂರು

ಉತ್ತರ: ತಡೆಯಿರಿ, ಅತ್ತರೂ ತಡೆಯಿರಿ. ಜ್ವರದ ಮಗು ಬೆಂಚಿನ ಮೇಲೆ ಕುಳಿತರೆ ಹಾಜರಿ ಸಿಗುತ್ತದೆಯೇ ಹೊರತು ಪಾಠ ತಲೆಗೆ ಹೋಗುವುದಿಲ್ಲ, ಜೊತೆಗೆ ಅಕ್ಕಪಕ್ಕದವರಿಗೂ ಅಂಟುತ್ತದೆ. ಸೀತಾಳೆ ಸಿಡುಬಿನಂಥದ್ದಾದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಕಳುಹಿಸಲೇಬಾರದು. ಇಂಥ ಬಹುಮಾನವನ್ನು ಕಾಯಿಲೆಯ ದಿನಗಳನ್ನು ಬಿಟ್ಟು ಲೆಕ್ಕ ಹಾಕುವಂತೆ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳಿ. ಅಂದಿನ ಪಾಠವನ್ನು ಸಂಜೆ ಗೆಳೆಯನ ಪುಸ್ತಕದಿಂದ ತಿಳಿದುಕೊಳ್ಳಬಹುದು. ಆ ಗೆಳೆಯ ಬಾಗಿಲಲ್ಲೇ ನಿಂತು ಪುಸ್ತಕ ಕೊಟ್ಟು ಹೋಗಲಿ.