ಮಳೆಗಾಲದ ಮಹಾಬಲೇಶ್ವರಕ್ಕೆ ನಾಯಿಯೊಡನೆ

ಪ್ರಶ್ನೆ: ಜನಸಂದಣಿ ಕಡಿಮೆಯಿರುವ ಜುಲೈನಲ್ಲಿ ನಮ್ಮ ಲ್ಯಾಬ್ರಡಾರ್ ನಾಯಿಯನ್ನು ಕರೆದುಕೊಂಡು ಮಹಾಬಲೇಶ್ವರದ ವೆಣ್ಣಾ ಕೆರೆಯ ಬಳಿ ಎರಡು ದಿನ ಇದ್ದು ಬರಬೇಕೆಂದಿದ್ದೇವೆ. ಯಾವ ಎಚ್ಚರಿಕೆ ವಹಿಸಬೇಕು?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಪುಣೆಯಿಂದ ಸುಮಾರು 120 ಕಿ.ಮೀ. ದೂರದ ಈ ಗಿರಿಧಾಮದಲ್ಲಿ ಜುಲೈ ಎಂದರೆ ಬಿಡುವಿಲ್ಲದ ಮಳೆ ಮತ್ತು ಮಂಜು; ಕೆರೆಯಲ್ಲಿ ಆಗ ಸಾಮಾನ್ಯವಾಗಿ ದೋಣಿವಿಹಾರ ಇರುವುದಿಲ್ಲ, ಎಷ್ಟೋ ಹೊತ್ತು ಆಚೆಯ ದಡವೂ ಕಾಣುವುದಿಲ್ಲ. ನಾಯಿಗೆ ಇದರಿಂದ ಬೇಸರವೇನೂ ಆಗದು, ಆಗುವುದಿದ್ದರೆ ನಿಮಗೇ.

ನಿಜವಾದ ಚಿಂತೆ ಇಲಿಜ್ವರದ್ದು. ಇಲಿ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಹರಡಿ, ನಾಯಿಯ ಮೂತ್ರಪಿಂಡ ಹಾಗೂ ಯಕೃತ್ತನ್ನು ಕೆಡಿಸುವ, ಮನುಷ್ಯರಿಗೂ ತಗಲುವ ಈ ರೋಗಕ್ಕೆ ಪ್ರತಿವರ್ಷ ಲಸಿಕೆ ಹಾಕಿಸಬೇಕು. ಮೊದಲ ಸಲವಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕಾಗುವುದರಿಂದ, ಪಶುವೈದ್ಯರನ್ನು ಒಂದೂವರೆ ತಿಂಗಳು ಮುಂಚೆಯೇ ಕಾಣಿರಿ. ಲಸಿಕೆಯಾಗಿದ್ದರೂ ಗುಂಡಿಗಳಲ್ಲಿ ನಿಂತ ನೀರನ್ನು ಕುಡಿಯಲು ಬಿಡಬೇಡಿ. ಲ್ಯಾಬ್ರಡಾರ್‌ನ ಜೋಲುಕಿವಿಯೊಳಗೆ ತೇವ ಉಳಿದರೆ ಸುಲಭವಾಗಿ ಸೋಂಕು ತಗಲುತ್ತದೆಯಾದ್ದರಿಂದ, ಹೊರಗಿನಿಂದ ಬಂದಾಗಲೆಲ್ಲ ಕಿವಿಯನ್ನು ಒರೆಸಿ, ಬೆರಳ ಸಂದಿಗಳಲ್ಲಿ ಜಿಗಣೆ, ಉಣ್ಣಿಗಳಿವೆಯೇ ಎಂದು ಪರೀಕ್ಷಿಸಿರಿ. ದಾರಿಯಲ್ಲಿ ಸಿಗುವ ಪಸರಣಿ ಘಾಟಿಯ ತಿರುವುಗಳಲ್ಲಿ ವಾಂತಿಯಾಗದಂತೆ, ಹೊರಡುವ ಮುನ್ನ ಹೊಟ್ಟೆತುಂಬ ಉಣಿಸದಿರಿ. ಮಹಾಬಲೇಶ್ವರದಲ್ಲಿ ಮಂಗಗಳು ಬಹಳವಾದ್ದರಿಂದ ನಾಯಿಯ ಬೆಲ್ಟನ್ನು ಬಿಚ್ಚಬೇಡಿ. ಕೊಠಡಿ ಕಾಯ್ದಿರಿಸುವಾಗಲೇ ನಾಯಿಗೆ ಅನುಮತಿಯಿದೆಯೆಂಬುದನ್ನು ಬರಹದಲ್ಲಿ ಪಡೆದುಕೊಳ್ಳಿರಿ.