ಮಕ್ಕಳ ಸಂಕಟ ಕೇಳುವವರ ಬಳಲಿಕೆ

ಪ್ರಶ್ನೆ: ಮನಶ್ಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವ ನಾನು ಪ್ರಾಯೋಗಿಕ ತರಬೇತಿಗಾಗಿ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಹೋಗುತ್ತಿದ್ದೇನೆ. ಮೊದಮೊದಲು ಮಕ್ಕಳ ಕಷ್ಟ ಕೇಳಿ ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಈಗ ಎದುರಿಗೆ ಮಗು ಅತ್ತರೂ ಮನಸ್ಸಿಗೆ ತಟ್ಟುವುದಿಲ್ಲ. ನಾನು ಈ ವೃತ್ತಿಗೆ ತಕ್ಕವಳಲ್ಲವೇ? ಇದನ್ನು ತಡೆಯುವ ಬಗೆಯನ್ನು ತರಬೇತಿಯಲ್ಲೇ ಕಲಿಸಬಾರದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ತಕ್ಕವಳಲ್ಲ ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದಲ್ಲ, ಕೆಲಸದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಹೋದಾಗ ಉಂಟಾಗುವ ಸ್ಥಿತಿಯೆಂದು ಗುರುತಿಸಲಾಗಿದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲವೆನಿಸುವುದು ಅದರ ಮೂರು ಲಕ್ಷಣಗಳು. ನೀವು ಬರೆದಿರುವುದರಲ್ಲಿ ಎರಡನೆಯದು ಸ್ಪಷ್ಟವಾಗಿದೆ.

ತರಬೇತಿಯಲ್ಲಿ ಕಲಿಸಬಹುದು, ಕಲಿಸಲೇಬೇಕು. ಅಮೆರಿಕದ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘವು 1200 ಗಂಟೆಗಳ ಇಂಟರ್ನ್‌ಶಿಪ್ ಕೇಳುತ್ತದೆ. ಅದರಲ್ಲಿ ಕನಿಷ್ಠ 600 ಗಂಟೆ ಶಾಲೆಯಲ್ಲೇ ಕಳೆಯಬೇಕು. ಆದರೆ ನನಗೆ ಗಂಟೆಗಳ ಲೆಕ್ಕಕ್ಕಿಂತ ಮುಖ್ಯವೆನಿಸುವುದು ಆ ಅವಧಿಯಲ್ಲಿ ಹಿರಿಯರೊಬ್ಬರೊಡನೆ ನಿಯಮಿತವಾಗಿ ಕುಳಿತು ಮಾತನಾಡುವ ಏರ್ಪಾಡು. ದಿನಚರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಮಾರ್ಗದರ್ಶನವೆನ್ನಲಾಗದು. ಮಗುವಿಗೆ ಏನಾಯಿತೆಂಬುದರ ಜೊತೆಗೆ, ಅದನ್ನು ಕೇಳಿದ ನಿಮಗೆ ಏನಾಯಿತೆಂಬುದನ್ನೂ ಅಲ್ಲಿ ಹೇಳಿಕೊಳ್ಳಲು ಎಡೆಯಿರಬೇಕು.

ಲೈಂಗಿಕ ದೌರ್ಜನ್ಯದ ಸಂಗತಿ ಬಂದಾಗ ಇದರ ಅಗತ್ಯ ಇನ್ನೂ ಹೆಚ್ಚು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 'ಯಾರಿಗೂ ಹೇಳುವುದಿಲ್ಲ' ಎಂದು ಮಗುವಿಗೆ ಮಾತು ಕೊಟ್ಟುಬಿಟ್ಟ ಎಳೆಯ ಸಮಾಲೋಚಕಿ, ಆ ಮಾತಿಗೂ ಕಾನೂನಿಗೂ ನಡುವೆ ಸಿಕ್ಕಿ ರಾತ್ರಿಯಿಡೀ ನಿದ್ದೆಗೆಡುತ್ತಾಳೆ. ಗುಟ್ಟಿನ ಮಿತಿಯನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಅರ್ಥವಾಗುವಂತೆ ಹೇಳುವುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರೆ ಈ ಹೊರೆ ಎಷ್ಟೋ ಇಳಿಯುತ್ತದೆ.

ನಮ್ಮ ಕಾಸರಗೋಡಿನಲ್ಲಿ ಭಾಷೆಯದೂ ಒಂದು ದಣಿವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗು ತುಳುವಿನಲ್ಲಿ 'ಎಂಕ್ ಪೋಡಿಗೆ ಆಪುಂಡು' (ನನಗೆ ಹೆದರಿಕೆಯಾಗುತ್ತದೆ) ಎನ್ನುತ್ತದೆ. ನೀವು ಅದಕ್ಕೆ ಕನ್ನಡದಲ್ಲಿ ಸಮಾಧಾನ ಹೇಳಿ, ಮಲಯಾಳದಲ್ಲಿ ಕಚೇರಿಗೆ ವಿವರಿಸಿ, ಇಂಗ್ಲಿಷಿನಲ್ಲಿ ವರದಿ ಬರೆಯುತ್ತೀರಿ. ಆ ಭಯ ವರದಿಗೆ ಬರುವಷ್ಟರಲ್ಲಿ ಬರಿಯ 'ಆಂಗ್ಸೈಟಿ'ಯಾಗಿರುತ್ತದೆ. ಸಹಪಾಠಿಗಳೊಡನೆ ತುಳು, ಬ್ಯಾರಿ, ಕನ್ನಡಗಳಲ್ಲೇ ಸಂಭಾಷಣೆಯ ಅಭ್ಯಾಸ ಮಾಡಿ.

ಎಣ್ಮಕಜೆಯಂಥ ಊರುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತನಾದ ಅಣ್ಣನನ್ನೋ ತಂಗಿಯನ್ನೋ ನೋಡಿಕೊಂಡು ಶಾಲೆಗೆ ಬರುವ ಮಗುವಿನ ಮನೆಯ ದುಃಖವನ್ನು ನೀವು ತೀರಿಸಲಾರಿರಿ. ಆದರೆ ತಡವಾಗಿ ಬಂದುದಕ್ಕೆ ಅದನ್ನು ಬೈಯದಂತೆ ಶಿಕ್ಷಕರೊಡನೆ ಮಾತನಾಡಬಲ್ಲಿರಿ. ಅದೂ ನಿಮ್ಮ ಕೆಲಸವೇ, ಚಿಕ್ಕದೆಂದು ತಳ್ಳಿಹಾಕಬೇಡಿ.

ಈ ವಾರವೇ ನಿಮ್ಮ ಮಾರ್ಗದರ್ಶಕರನ್ನು ಕಂಡು ವಾರಕ್ಕೊಂದು ಗಂಟೆ ಕೇಳಿಕೊಳ್ಳಿ. ಊಟ, ನಿದ್ದೆ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಸಮಾಲೋಚಕರೂ ಅದಕ್ಕೆ ಕರೆ ಮಾಡಬಹುದು.